ಕೇಳದೆಯೇ 'ಬೇಡ' ಎಂದ ಊಟ

"ಅಮ್ಮೀ, ಬರುವ ರವಿವಾರ ಹಾಸ್ಟೆಲಿನ ಹುಡುಗಿಯರೆಲ್ಲ ಮೆಕ್ಸಿಕನ್ ಹೋಟೆಲಿಗೆ ಊಟಕ್ಕೆ ಹೋಗುತ್ತಾರೆ. ನಾನೂ ಹೋಗಲಾ?"

ಬೆಂಗಳೂರಿನಲ್ಲಿ ಓದುತ್ತಿರುವ ಮಗಳು ಫೋನಿನಲ್ಲಿ ಹೀಗೆ ಕೇಳಿದಾಗ ನಾನು ಒಲೆಯ ಮೇಲೆ ಸಾರು ಇಟ್ಟು, ಮರುದಿನದ ಪಾಠದ ಟಿಪ್ಪಣಿ ಬರೆಯುತ್ತಿದ್ದೆ. ತಲೆ ಎತ್ತದೆಯೇ "ಬೇಡ" ಎಂದೆ.

"ಯಾಕೆ ಅಮ್ಮೀ?"

"ಅದು ನಮ್ಮ ಊಟವಲ್ಲ. ಅದರಲ್ಲಿ ಏನು ಹಾಕುತ್ತಾರೋ ಏನೋ."

ಅವಳು "ಸರಿ" ಎಂದು ಫೋನ್ ಇಟ್ಟಳು. ಜಗಳ ಮಾಡಲಿಲ್ಲ, ಅಳಲಿಲ್ಲ. ಆದರೆ ಅಂದಿನಿಂದ ಒಂದು ಬದಲಾವಣೆಯಾಯಿತು. ಮೊದಲು ರಾತ್ರಿ ಫೋನ್ ಮಾಡಿದರೆ ಬೆಳಗ್ಗಿನ ಉಪ್ಪಿಟ್ಟಿನಿಂದ ಹಿಡಿದು ಸಂಜೆಯ ಚಹಾದ ತನಕ ಎಲ್ಲವನ್ನೂ ಹೇಳುತ್ತಿದ್ದವಳು ಈಗ "ಊಟ ಆಯಿತಾ?" ಎಂದರೆ "ಆಯಿತು" ಎನ್ನುತ್ತಿದ್ದಳು. "ಏನು ಉಂಡೆ?" ಎಂದರೆ "ಏನೋ ಒಂದು" ಎನ್ನುತ್ತಿದ್ದಳು. ಎರಡು ವಾರ ಹೀಗೇ ಕಳೆಯಿತು. ಆ 'ಏನೋ ಒಂದು' ನನ್ನ ನಿದ್ದೆ ಕೆಡಿಸಿತು. ಮಗಳು ಹೊರಗೆ ತಿನ್ನುವುದು ನಿಂತಿರಲಿಲ್ಲ, ನನಗೆ ಹೇಳುವುದು ಮಾತ್ರ ನಿಂತಿತ್ತು.

ನಾನು ಮದ್ರಸದಲ್ಲಿ ಓದಿದವಳು. ಆಮೇಲೆ ಬಿ.ಎ. ಕೂಡಾ ಮುಗಿಸಿ ಹಲವು ವರ್ಷಗಳಿಂದ ಮಕ್ಕಳಿಗೆ ಪಾಠ ಹೇಳುತ್ತಿದ್ದೇನೆ. ಉತ್ತರ ಬರೆದರೆ ಸಾಲದು, ಕಾರಣವನ್ನೂ ಬರೆಯಬೇಕು ಎಂದು ತರಗತಿಯಲ್ಲಿ ದಿನವೂ ಹೇಳುವ ನಾನು ನನ್ನ ಮಗಳಿಗೆ ಕಾರಣವಿಲ್ಲದ ಉತ್ತರ ಕೊಟ್ಟಿದ್ದೆ. ಮೆಕ್ಸಿಕನ್ ಊಟ ಎಂದರೇನು ಎಂದೇ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ ಕಾರಣಕ್ಕೆ ಬೇಡ ಎಂದಿದ್ದೆ. ಆ ವರ್ಷ ಬೇಸಿಗೆ ರಜೆ ಬಂದ ಕೂಡಲೇ ಬೆಂಗಳೂರಿಗೆ ಹೋಗಿ ಮಗಳ ಜೊತೆ ಕುಳಿತು ಆ ಊಟವನ್ನು ನೋಡಿಯೇ ಬರುವುದೆಂದು ತೀರ್ಮಾನಿಸಿದೆ. ನಮ್ಮ ಮನೆಯವರು ನಕ್ಕು, "ಊಟ ಮಾಡಲು ಬೆಂಗಳೂರಿಗೆ ಹೋಗುವವರನ್ನು ಈಗಲೇ ನೋಡಿದ್ದು" ಎಂದರು. ಆದರೆ ಟಿಕೆಟು ಅವರೇ ಮಾಡಿಸಿಕೊಟ್ಟರು.

ನಮ್ಮ ಹಿತ್ತಲಲ್ಲೇ ಇತ್ತು ಮೆಕ್ಸಿಕೋ

ಹೊರಡುವ ಮೊದಲು ಸ್ವಲ್ಪ ಓದಿಕೊಂಡೆ. ಓದುತ್ತಾ ಹೋದಂತೆ ನಾಚಿಕೆಯಾಯಿತು. 'ಅದು ನಮ್ಮ ಊಟವಲ್ಲ' ಎಂದಿದ್ದೆನಲ್ಲ, ನನ್ನ ಅಡುಗೆ ಮನೆಯ ಅರ್ಧ ಸಾಮಾನು ಆ ದೇಶದ ಕಡೆಯಿಂದ ಬಂದದ್ದು!

ಮೆಣಸಿನಕಾಯಿಯ ತವರು ಮೆಕ್ಸಿಕೋ. ಪೋರ್ಚುಗೀಸರು ಹಡಗಿನಲ್ಲಿ ತಂದ ಮೇಲೆಯೇ ಅದು ನಮ್ಮ ದೇಶದಲ್ಲಿ ಹರಡಿತು. ಅದಕ್ಕೂ ಮೊದಲು ನಮ್ಮವರ ಖಾರ ಎಂದರೆ ಕಾಳುಮೆಣಸು. ನಮ್ಮ ಘಟ್ಟದ ಕಾಳುಮೆಣಸಿಗಾಗಿಯೇ ಪೋರ್ಚುಗೀಸರು ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು 'ಮೆಣಸಿನ ರಾಣಿ' ಎಂದು ಕರೆದರು. ಇಲ್ಲಿಂದ ಕಾಳುಮೆಣಸು ಒಯ್ದವರೇ ಅಲ್ಲಿಯ ಮೆಣಸಿನಕಾಯಿ ತಂದರು. ಇಂದು ನಾವು ಸಾರಿನ ಪುಡಿಗೆ ಹಾಕುವ, 2011ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದ ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಯ ಅಜ್ಜಿಯ ಮನೆ ಮೆಕ್ಸಿಕೋ. ಹಿತ್ತಲಲ್ಲಿ ತಾನಾಗಿ ಹುಟ್ಟುವ ಸೂಜಿಮೆಣಸೂ ಆ ಕುಟುಂಬದ್ದೇ.

ಗೋವಿನಜೋಳ ಅಲ್ಲಿಯದು. ಟೊಮೇಟೊ, ಪೇರಲೆ, ಪಪ್ಪಾಯಿ, ಚಿಕ್ಕು, ಸಿಹಿಗುಂಬಳ, ರಾಜ್ಮಾ ಕಾಳು ಎಲ್ಲವೂ ಅಮೆರಿಕ ಖಂಡದಿಂದ ಬಂದವು. ಮಲೆನಾಡಿನವರು ಹಾಲು ಸಕ್ಕರೆ ಹಾಕಿ ಕುಡಿಯುವ ಬೆಣ್ಣೆಹಣ್ಣನ್ನು ಅಲ್ಲಿಯವರು ಉಪ್ಪು, ಈರುಳ್ಳಿ, ಹಸಿಮೆಣಸು ಹಾಕಿ ಚಟ್ನಿಯಂತೆ ಜಜ್ಜಿ ತಿನ್ನುತ್ತಾರೆ. ಅದಕ್ಕೆ ಗ್ವಾಕಮೋಲೆ ಎಂದು ಹೆಸರು.

ಇನ್ನು ವೆನಿಲಾ. ಸಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ತೋಟದವರಿಗೆ ಈ ಹೆಸರು ಕೇಳಿದರೆ ಈಗಲೂ ಒಂದು ನಿಟ್ಟುಸಿರು ಬರುತ್ತದೆ. 2000ದ ನಂತರದ ಮೂರ್ನಾಲ್ಕು ವರ್ಷ ನಮ್ಮ ಕಡೆ ವೆನಿಲಾ ಬಳ್ಳಿಗೆ ಬಂಗಾರದ ಬೆಲೆ ಇತ್ತು. ನಾನಾಗ ಹೊಸದಾಗಿ ಮದುವೆಯಾಗಿ ದೊಡ್ಮನೆ ಕಡೆಗೆ ಬಂದಿದ್ದೆ. ನೆರೆಯ ಹೆಗಡೆಯವರ ಮನೆಯ ತೋಟದಲ್ಲಿ ಬೆಳಗ್ಗೆ ಬೆಳಗ್ಗೆ ಹೂವಿಗೆ ಪರಾಗ ಮುಟ್ಟಿಸಲು ಆ ಮನೆಯ ಅಮ್ಮನ ಜೊತೆ ನಾನೂ ಹೋಗುತ್ತಿದ್ದೆ. ಹೂವು ಒಂದೇ ಬೆಳಗು ಅರಳಿರುತ್ತದೆ. ಅಷ್ಟರಲ್ಲಿ ಕಡ್ಡಿಯಿಂದ ಒಂದೊಂದೇ ಹೂವನ್ನು ಮುಟ್ಟಬೇಕು, ಇಲ್ಲದಿದ್ದರೆ ಕಾಯಿ ಕಟ್ಟುವುದಿಲ್ಲ. ಯಾಕೆ ಹೀಗೆ ಎಂದು ಆಗ ಕೇಳಿರಲಿಲ್ಲ. ಈಗ ಓದಿ ತಿಳಿಯಿತು. ವೆನಿಲಾ ಮೆಕ್ಸಿಕೋದ ಕಾಡಿನ ಬಳ್ಳಿ. ಅದರ ಪರಾಗಸ್ಪರ್ಶ ಮಾಡುವ ಕೀಟಗಳು ಅಲ್ಲಿಯವು, ನಮ್ಮಲ್ಲಿ ಇಲ್ಲ. ಕಡ್ಡಿಯಿಂದ ಮುಟ್ಟಿಸುವ ಸುಲಭ ವಿಧಾನವನ್ನು 1841ರಲ್ಲಿ ರಿಯೂನಿಯನ್ ದ್ವೀಪದ ಎಡ್ಮಂಡ್ ಆಲ್ಬಿಯಸ್ ಎಂಬ ಹನ್ನೆರಡು ವರ್ಷದ ಗುಲಾಮ ಬಾಲಕ ಕಂಡುಹಿಡಿದ. ಆ ಬಾಲಕನ ಬೆರಳಿನ ಕೆಲಸವನ್ನೇ ನಾವು ಸಿದ್ದಾಪುರದ ತೋಟದಲ್ಲಿ ಮಾಡುತ್ತಿದ್ದೆವು. 2004ರ ನಂತರ ಬೆಲೆ ಕುಸಿದು ಬಳ್ಳಿಗಳನ್ನು ಕೇಳುವವರಿಲ್ಲದಾಯಿತು. ಅದು ಬೇರೆಯೇ ಕತೆ.

ಅವರ ಮುಖ್ಯ ಆಹಾರ ಟೊರ್ಟಿಯಾ. ಅದು ಗೋವಿನಜೋಳದ ತೆಳುವಾದ ರೊಟ್ಟಿ. ಅದನ್ನು ಮಾಡುವ ಕ್ರಮ ನನಗೆ ಬಹಳ ಹಿಡಿಸಿತು. ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ನೆನೆಸಿಟ್ಟು, ತೊಳೆದು ರುಬ್ಬುತ್ತಾರೆ. ನಾವು ಎಲೆ ಅಡಿಕೆಗೆ ಹಚ್ಚುವಂಥ ಸುಣ್ಣವೇ. ಹೀಗೆ ಮಾಡಿದಾಗ ಜೋಳದೊಳಗೆ ಬಂಧಿತವಾಗಿರುವ ನಯಾಸಿನ್ ಎಂಬ ಜೀವಸತ್ವ ದೇಹಕ್ಕೆ ದಕ್ಕುತ್ತದೆ. ಯುರೋಪಿನವರು ಅಲ್ಲಿಂದ ಜೋಳವನ್ನು ಒಯ್ದರು, ಸುಣ್ಣದ ಕ್ರಮವನ್ನು ಒಯ್ಯಲಿಲ್ಲ. ಜೋಳವನ್ನೇ ನಂಬಿದ ಇಟಲಿಯ ಬಡವರಲ್ಲೂ ಆಮೇಲೆ ಅಮೆರಿಕದ ದಕ್ಷಿಣದ ರಾಜ್ಯಗಳಲ್ಲೂ ಪೆಲ್ಲಾಗ್ರ ಎಂಬ ರೋಗ ಹರಡಿ ಸಾವಿರಾರು ಜನ ಸತ್ತರು. ಮೆಕ್ಸಿಕೋದ ಅಜ್ಜಿಯರನ್ನು 'ಯಾಕೆ ಸುಣ್ಣ ಹಾಕುತ್ತೀರಿ' ಎಂದು ಯಾರೂ ಕೇಳಲಿಲ್ಲ. ಒಂದು ಪ್ರಶ್ನೆ ಕೇಳದೆ ಹೋದುದಕ್ಕೆ ಎಷ್ಟು ದೊಡ್ಡ ಬೆಲೆ! ಮೆಕ್ಸಿಕೋದ ಈ ಸಾಂಪ್ರದಾಯಿಕ ಅಡುಗೆಯನ್ನು 2010ರಲ್ಲಿ ಯುನೆಸ್ಕೋ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಅರಬಿ ಹೆಸರು, ಹಂದಿ ಮಾಂಸ

ಮದ್ರಸದಲ್ಲಿ ಕಲಿತ ಅರಬಿ ಮೆಕ್ಸಿಕನ್ ಹೋಟೆಲಿನ ಮೆನು ಓದಲು ಉಪಯೋಗವಾಗುತ್ತದೆ ಎಂದು ಯಾವ ಉಸ್ತಾದರೂ ನನಗೆ ಹೇಳಿರಲಿಲ್ಲ!

ಮೆಕ್ಸಿಕೋದ ಭಾಷೆ ಸ್ಪ್ಯಾನಿಷ್. ಸ್ಪೇನಿನ ದೊಡ್ಡ ಭಾಗ 711ರಿಂದ ಶತಮಾನಗಳ ಕಾಲ ಮುಸ್ಲಿಮರ ಆಳ್ವಿಕೆಯಲ್ಲಿತ್ತು. ಕೊನೆಯ ಗ್ರನಾಡಾ 1492ರಲ್ಲಿ ಕೈತಪ್ಪಿತು. ಅದೇ ವರ್ಷ ಕೊಲಂಬಸ್ ಅಮೆರಿಕದ ಕಡೆಗೆ ಹೊರಟ. ಹಾಗಾಗಿ ಅರಬಿ ಶಬ್ದಗಳು ಸ್ಪ್ಯಾನಿಷ್ ಭಾಷೆಯ ಜೊತೆ ಮೆಕ್ಸಿಕೋದ ಅಡುಗೆ ಮನೆಯವರೆಗೂ ಪ್ರಯಾಣ ಮಾಡಿದವು. ಅನ್ನಕ್ಕೆ ಅವರು 'ಅರೋಸ್' ಎನ್ನುತ್ತಾರೆ, ಅದು ಅರಬಿಯ 'ಅರ್ರುಝ್'. ಸಕ್ಕರೆಗೆ 'ಅಸೂಕಾರ್', ಅದು 'ಅಸ್ಸುಕ್ಕರ್'. ಎಣ್ಣೆಗೆ 'ಅಸೈತೆ', ಅದು 'ಅಝ್ಝೈತ್'. ಕೈಮಾ ಉಂಡೆಗೆ 'ಅಲ್ಬೊಂದಿಗಾಸ್', ಅದು 'ಅಲ್ ಬುಂದುಕ್', ಅಂದರೆ ಗುಂಡಗಿನ ಒಂದು ಬಗೆಯ ಬೀಜದ ಹೆಸರು. 'ಹಾಗಾಗಲಿ' ಎಂದು ಆಸೆ ಪಡುವಾಗ ಅವರು 'ಓಹಾಲಾ' ಎನ್ನುತ್ತಾರಂತೆ. ಅದು ಅಲ್ಲಾಹನು ಬಯಸಿದರೆ ಎಂಬ ಅರಬಿ ಮಾತಿನಿಂದಲೇ ಬಂದದ್ದು.

ಇದನ್ನೆಲ್ಲ ಓದಿ ನನಗೆ ಬಹಳ ಸಂತೋಷವಾಯಿತು. ಆದರೆ ಮುಂದಿನ ಪುಟ ನನ್ನನ್ನು ಎಚ್ಚರಿಸಿತು.

ಮೆಕ್ಸಿಕೋದ ಪ್ಯುಯೆಬ್ಲಾ ನಗರಕ್ಕೆ ಲೆಬನಾನ್ ಮತ್ತಿತರ ಅರಬ್ ನಾಡುಗಳಿಂದ ವಲಸೆ ಹೋದವರು 1930ರ ದಶಕದಲ್ಲಿ ತಮ್ಮ ಶವರ್ಮಾವನ್ನು ಅಲ್ಲಿ ಮಾರತೊಡಗಿದರು. ಕಂಬಿಗೆ ಚುಚ್ಚಿ ತಿರುಗಿಸಿ ಸುಟ್ಟ ಮಾಂಸವನ್ನು ರೊಟ್ಟಿಯಲ್ಲಿ ಸುತ್ತಿ ಕೊಡುವುದು. ಅದಕ್ಕೆ 'ತಾಕೊಸ್ ಅರಾಬೆಸ್', ಅಂದರೆ ಅರಬ್ ಟಾಕೊ ಎಂದು ಹೆಸರಾಯಿತು. ಅದರಿಂದಲೇ ಮುಂದೆ 'ಅಲ್ ಪಸ್ತೋರ್' ಎಂಬ ತಿಂಡಿ ಹುಟ್ಟಿತು. ಅಲ್ ಪಸ್ತೋರ್ ಎಂದರೆ 'ಕುರುಬರ ಶೈಲಿ' ಎಂದರ್ಥ. ಹೆಸರಿನಲ್ಲಿ ಅರಬ್ ಇದೆ, ಕುರಿ ಕಾಯುವವನೂ ಇದ್ದಾನೆ. ಆದರೆ ಒಳಗಿರುವುದು ಸಾಮಾನ್ಯವಾಗಿ ಹಂದಿ ಮಾಂಸ! ಆ ನಾಡಿನಲ್ಲಿ ಕುರಿಮಾಂಸದ ಜಾಗಕ್ಕೆ ಕ್ರಮೇಣ ಹಂದಿ ಮಾಂಸ ಬಂತು, ಹೆಸರು ಮಾತ್ರ ಹಾಗೆಯೇ ಉಳಿಯಿತು.

ಸಹೋದರಿಯರೇ, ಹೆಸರು ಕೇಳಿ ಹೆದರುವುದು ಎಷ್ಟು ತಪ್ಪೋ ಹೆಸರು ಕೇಳಿ ನಂಬುವುದೂ ಅಷ್ಟೇ ತಪ್ಪು ಎಂದು ನನಗೆ ಅಂದು ಅರ್ಥವಾಯಿತು.

ಎರಡು ಹೋಟೆಲು, ಎರಡು ಉತ್ತರ

ತಾಳಗುಪ್ಪದಿಂದ ರಾತ್ರಿ ರೈಲು ಹತ್ತಿ ಬೆಳಗ್ಗೆ ಬೆಂಗಳೂರಿನಲ್ಲಿ ಇಳಿದೆ. ಮಗಳು ನಿಲ್ದಾಣಕ್ಕೆ ಬಂದಿದ್ದಳು. "ಇವತ್ತು ಮಧ್ಯಾಹ್ನ ನಿನ್ನ ಮೆಕ್ಸಿಕನ್ ಊಟ" ಎಂದಾಗ ಅವಳು ನಂಬಲೇ ಇಲ್ಲ.

ಬೆಂಗಳೂರಿಗೆ ಈ ಊಟ ಹೊಸದೇನಲ್ಲ. ಟ್ಯಾಕೊ ಬೆಲ್ ಕಂಪೆನಿ ಭಾರತದ ತನ್ನ ಮೊದಲ ಮಳಿಗೆಯನ್ನು 2010ರಲ್ಲಿ ಮಲ್ಲೇಶ್ವರದ ಮಂತ್ರಿ ಸ್ಕ್ವೇರ್ ಮಾಲಿನಲ್ಲಿ ತೆರೆದದ್ದು. 2012ರಲ್ಲಿ ಅಮೆರಿಕದ ಯುವಕನೊಬ್ಬ ಇದೇ ನಗರದಲ್ಲಿ ಕ್ಯಾಲಿಫೋರ್ನಿಯಾ ಬುರಿಟೊ ಆರಂಭಿಸಿದ. ಅನಂತರ ದೊಡ್ಡದು ಸಣ್ಣದು ಎಂದು ಹಲವು ಹೋಟೆಲುಗಳು ಬಂದಿವೆ. ಇವುಗಳಲ್ಲಿ ಹೆಚ್ಚಿನವು ಮೆಕ್ಸಿಕೋದ ಹಳ್ಳಿಯ ಊಟಕ್ಕಿಂತ ಅಮೆರಿಕದ ಗಡಿಯಲ್ಲಿ ಬೆಳೆದ ಮಿಶ್ರ ಊಟವನ್ನು ಕೊಡುತ್ತವೆ. ಗೋಧಿ ರೊಟ್ಟಿ, ಬಹಳಷ್ಟು ಚೀಸ್, ಮೇಲೆ ಕ್ರೀಮು. ಮಕ್ಕಳು ಇಷ್ಟಪಡುವ ನಾಚೋಸ್ ಕೂಡಾ ಮೆಕ್ಸಿಕೋದ ಗಡಿಯೂರಿನಲ್ಲಿ 1940ರ ದಶಕದಲ್ಲಿ ಹುಟ್ಟಿದ ತಿಂಡಿ.

ನಾವು ಮೊದಲು ಹೋದ ಹೋಟೆಲು ಬಹಳ ಚೆಂದವಿತ್ತು. ಗೋಡೆಯ ತುಂಬಾ ಬಣ್ಣದ ಚಿತ್ರ, ಮೆಲ್ಲಗೆ ಸಂಗೀತ. ಬುರ್ಖಾ ತೊಟ್ಟ ನಾವಿಬ್ಬರೂ ಒಳಗೆ ಹೋದಾಗ ಯಾರೂ ವಿಚಿತ್ರವಾಗಿ ನೋಡಲಿಲ್ಲ. ನಾನು ಹುಡುಗನನ್ನು ಕರೆದು, "ಕೋಳಿ ಹಲಾಲಾ?" ಎಂದು ಕೇಳಿದೆ. ಅವನು ಒಂದು ಕ್ಷಣವೂ ಯೋಚಿಸದೆ "ಯೆಸ್ ಮೇಡಂ, ಎಲ್ಲಾ ಹಲಾಲ್" ಎಂದ. "ಎಲ್ಲಾ ಅಂದರೆ? ಮೆನುವಿನಲ್ಲಿ ಹಂದಿ ಮಾಂಸವೂ ಇದೆಯಲ್ಲ" ಎಂದೆ. ಅವನು ತಲೆ ತುರಿಸಿಕೊಂಡು ಒಳಗೆ ಹೋದವನು ಹೊರಗೆ ಬರಲೇ ಇಲ್ಲ. ಬೇರೊಬ್ಬ ಬಂದು, "ಆರ್ಡರ್ ಮೇಡಂ?" ಎಂದ. ನಾವು ನಿಂಬೆ ಪಾನಕ ಕುಡಿದು, ಹಣ ಕೊಟ್ಟು, ಎದ್ದು ಬಂದೆವು. ಮಗಳ ಮುಖ ಸಣ್ಣದಾಗಿತ್ತು. "ಇನ್ನೊಂದು ಕಡೆ ನೋಡೋಣ ಮಗಳೇ" ಎಂದೆ.

ಎರಡನೆಯದು ನಾಲ್ಕೈದು ಮೇಜುಗಳ ಚಿಕ್ಕ ಹೋಟೆಲು. ಚಿತ್ರವೂ ಇಲ್ಲ, ಸಂಗೀತವೂ ಇಲ್ಲ. ಅದೇ ಪ್ರಶ್ನೆ ಕೇಳಿದೆ. ಕೌಂಟರಿನಲ್ಲಿದ್ದ ಹುಡುಗಿ, "ನನಗೆ ಸರಿಯಾಗಿ ಗೊತ್ತಿಲ್ಲ ಮೇಡಂ, ಕೇಳಿ ಬರುತ್ತೇನೆ" ಎಂದಳು. ಆ 'ಗೊತ್ತಿಲ್ಲ' ಕೇಳಿಯೇ ನನಗೆ ಅರ್ಧ ಭರವಸೆ ಬಂತು. ಅಡುಗೆಯವರೇ ಹೊರಗೆ ಬಂದರು. ಕೈ ಒರೆಸಿಕೊಳ್ಳುತ್ತಾ, "ಕೋಳಿ ಹಲಾಲ್ ಅಂಗಡಿಯದು, ಬಿಲ್ಲು ತೋರಿಸಬಲ್ಲೆ. ನಮ್ಮಲ್ಲಿ ಹಂದಿ ಮಾಂಸ ಇಲ್ಲ. ಬೀನ್ಸನ್ನು ಸೂರ್ಯಕಾಂತಿ ಎಣ್ಣೆಯಲ್ಲಿ ಮಾಡುತ್ತೇವೆ. ಆದರೆ ಮೀನಿನ ಟಾಕೊ ನಿಮಗೆ ಬೇಡ, ಅದರ ಹಿಟ್ಟಿಗೆ ಬಿಯರ್ ಹಾಕುತ್ತೇವೆ" ಎಂದರು. ಮೀನು ಹೇಗೂ ಹಲಾಲ್ ಎಂದು ನಾನು ಅದನ್ನೇ ತರಿಸಬೇಕೆಂದಿದ್ದೆ! ಅವರು ಹೇಳದಿದ್ದರೆ ಗೊತ್ತೇ ಆಗುತ್ತಿರಲಿಲ್ಲ.

ಕೋಳಿಯ ಟಾಕೊ, ಬೀನ್ಸು, ಅನ್ನ ತರಿಸಿದೆವು. ಮೊದಲ ತುತ್ತಿಗೇ ನನಗೆ ನಗು ಬಂತು. ಹಸಿ ಟೊಮೇಟೊ, ಈರುಳ್ಳಿ, ಕೊತ್ತಂಬರಿ, ನಿಂಬೆ, ಹಸಿಮೆಣಸು ಸೇರಿಸಿದ ಸಾಲ್ಸಾ ಎಂಬುದು ನಮ್ಮ ಮನೆಯಲ್ಲಿ ಬಿರಿಯಾನಿಯ ಜೊತೆ ಮಾಡುವ ಕಚುಂಬರಿಯೇ. ಬೀನ್ಸು ನಮ್ಮ ರಾಜ್ಮಾ. ರೊಟ್ಟಿಗೆ ಮಾತ್ರ ಸುಣ್ಣದ ನೀರಿನ ಒಂದು ಬೇರೆಯೇ ಪರಿಮಳ. "ಹೇಗಿದೆ ಅಮ್ಮೀ?" ಎಂದು ಮಗಳು ಕೇಳಿದಳು. "ಖಾರ ಸಾಲದು" ಎಂದೆ. ಅವಳು ಎಷ್ಟೋ ದಿನಗಳ ನಂತರ ಬಾಯ್ತುಂಬ ನಕ್ಕಳು.

ಕೇಳಬೇಕಾದ ಪ್ರಶ್ನೆಗಳು

ಹೊಸ ಬಗೆಯ ಹೋಟೆಲಿಗೆ ಹೋಗುವ ನಮ್ಮ ಹೆಣ್ಣುಮಕ್ಕಳಿಗೆ ಉಪಯೋಗವಾದೀತೆಂದು ನಾನು ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತೇನೆ.

ಮೊದಲನೆಯದಾಗಿ, ಕೆಲವು ಹೆಸರುಗಳನ್ನು ನೆನಪಿಟ್ಟುಕೊಳ್ಳಿ. ಕಾರ್ನಿತಾಸ್, ಚೊರಿಸೊ, ಚಿಚರೋನ್, ಅಲ್ ಪಸ್ತೋರ್ ಎಂದಿದ್ದರೆ ಸಾಮಾನ್ಯವಾಗಿ ಹಂದಿ ಮಾಂಸ. 'ಮಾಂತೆಕಾ' ಎಂದರೆ ಹಂದಿಯ ಕೊಬ್ಬು, 'ಮಾಂತೆಕಿಯಾ' ಎಂದರೆ ಬೆಣ್ಣೆ. ಎರಡೂ ಹೆಸರು ಒಂದೇ ರೀತಿ ಕೇಳುತ್ತವೆ, ಗೊಂದಲ ಮಾಡಿಕೊಳ್ಳಬೇಡಿ. 'ಪೊಯೊ' ಎಂದರೆ ಕೋಳಿ, 'ಪೆಸ್ಕಾದೊ' ಎಂದರೆ ಮೀನು, 'ಕಮರೋನ್' ಎಂದರೆ ಸೀಗಡಿ.

ಎರಡನೆಯದಾಗಿ, ತರಕಾರಿಯದು ಎಂದಾಕ್ಷಣ ಕಣ್ಣು ಮುಚ್ಚಿ ತಿನ್ನಬೇಡಿ. ಮೆಕ್ಸಿಕೋದಲ್ಲಿ ಬೀನ್ಸನ್ನು ಹಂದಿ ಕೊಬ್ಬಿನಲ್ಲಿ ಹುರಿಯುವ ರೂಢಿ ಇದೆ. ಯಾವ ಎಣ್ಣೆ ಎಂದು ಕೇಳಿ. ಹಂದಿ ಮಾಂಸ ಇರುವ ಹೋಟೆಲಾದರೆ ಕಾವಲಿ, ಚಾಕು, ಎಣ್ಣೆ ಬೇರೆ ಇದೆಯೇ ಎಂದೂ ಕೇಳಿ. ಸಾಸು ಮತ್ತು ಹಿಟ್ಟಿನಲ್ಲಿ ಮದ್ಯ ಇದೆಯೇ ಎಂದು ವಿಚಾರಿಸಿ.

ಮೂರನೆಯದಾಗಿ, ಕೇಳುವ ರೀತಿ. 'ಹಲಾಲಾ?' ಎಂದು ಕೇಳಿದರೆ 'ಹೌದು' ಎನ್ನುವುದು ಸುಲಭ. ಅದರ ಬದಲು 'ಕೋಳಿ ಎಲ್ಲಿಂದ ತರಿಸುತ್ತೀರಿ? ಪ್ರಮಾಣಪತ್ರ ಅಥವಾ ಬಿಲ್ಲು ಇದೆಯೇ?' ಎಂದು ಕೇಳಿ. ಉತ್ತರ ಗೊತ್ತಿದ್ದವರು ಹೇಳುತ್ತಾರೆ. ಗೊತ್ತಿಲ್ಲದವರು ತಡವರಿಸುತ್ತಾರೆ. ಸಮಾಧಾನವಾಗದಿದ್ದರೆ ಮಾಂಸ ಬಿಟ್ಟು ಹಣ್ಣಿನ ರಸ ಕುಡಿದು ಬನ್ನಿ, ನಷ್ಟವೇನಿಲ್ಲ. ಕೇಳುವಾಗ ಧ್ವನಿ ಮೆದುವಾಗಿರಲಿ. ನಾವು ತಪಾಸಣೆಗೆ ಬಂದ ಅಧಿಕಾರಿಗಳಲ್ಲ, ಊಟಕ್ಕೆ ಬಂದ ಅತಿಥಿಗಳು.

ನಾಲ್ಕನೆಯದಾಗಿ, ಹೋಟೆಲಿನ ಆಹಾರ ಸುರಕ್ಷಾ ಪರವಾನಿಗೆ ನೋಡಿ. ಅದು 14 ಅಂಕಿಗಳ ಸಂಖ್ಯೆ. ಗೋಡೆಯ ಮೇಲೆ ಹಾಕಿರಬೇಕು, 2022ರ ಜನವರಿಯಿಂದ ಬಿಲ್ಲಿನಲ್ಲೂ ಮುದ್ರಿಸುವುದು ಕಡ್ಡಾಯ. ಒಂದೇ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸುವುದಕ್ಕೂ 2018ರ ಜುಲೈಯಿಂದ ಕಾನೂನಿನ ಮಿತಿ ಇದೆ.

ಬೋರ್ಡು ನೋಡಿ ಕೇಳದೆ ಬಿಟ್ಟದ್ದು

ಈ ಲೇಖನ ಇಲ್ಲಿಗೇ ಮುಗಿಯಬಹುದಿತ್ತು. ಆದರೆ ಊರಿಗೆ ಮರಳುವಾಗ ನಡೆದ ಒಂದು ಸಂಗತಿ ಹೇಳದಿದ್ದರೆ ಅದು ಅಪೂರ್ಣ.

ರಜೆ ಇದ್ದುದರಿಂದ ಮಗಳೂ ನನ್ನ ಜೊತೆ ಹೊರಟಳು. ಬಸ್ಸಿನಲ್ಲಿ ಬಂದೆವು. ದಾರಿಯಲ್ಲಿ ಒಂದು ಊರಿನಲ್ಲಿ ಊಟಕ್ಕೆ ನಿಲ್ಲಿಸಿದರು. ಎದುರಿಗೇ ನಮ್ಮವರ ಹೋಟೆಲು. ಬಾಗಿಲ ಮೇಲೆ 786, ಒಳಗೆ ಕಾಬಾದ ಚಿತ್ರ. ನಾನು ನೆಮ್ಮದಿಯಿಂದ ಒಳಗೆ ಹೋಗಿ ಫ್ಯಾಮಿಲಿ ರೂಮಿನಲ್ಲಿ ಕುಳಿತು ಕಬಾಬ್, ಪರೋಟ ತರಿಸಿದೆ. ಕಬಾಬ್ ಬಂತು. ಕೆಂಪೆಂದರೆ ಕೆಂಪು, ಮುಟ್ಟಿದ ಬೆರಳಿಗೂ ಬಣ್ಣ. ಕೈ ತೊಳೆಯಲು ಹೋದಾಗ ಅಡುಗೆ ಕೋಣೆಯ ಬಾಗಿಲು ತೆರೆದಿತ್ತು. ಬಾಣಲೆಯ ಎಣ್ಣೆ ಕಪ್ಪಗೆ ಡಾಂಬರಿನಂತಿತ್ತು. ಮೇಜು ಒರೆಸಿದ ಬಟ್ಟೆಯಲ್ಲೇ ತಟ್ಟೆಯನ್ನೂ ಒರೆಸುತ್ತಿದ್ದರು.

ಮರಳಿ ಬಂದು ಕುಳಿತಾಗ ಮಗಳು ಮೆಲ್ಲಗೆ ಕೇಳಿದಳು: "ಅಮ್ಮೀ, ಇಲ್ಲಿ ನೀವು ಏನೂ ಕೇಳಲಿಲ್ಲವಲ್ಲ?"

ನನ್ನ ಬಳಿ ಉತ್ತರವಿರಲಿಲ್ಲ. ಬೆಂಗಳೂರಿನ ಅಪರಿಚಿತ ಹೋಟೆಲಿನಲ್ಲಿ ಎಣ್ಣೆ ಯಾವುದು, ಕಾವಲಿ ಯಾವುದು, ಬಿಲ್ಲು ಎಲ್ಲಿ ಎಂದು ಕೇಳಿದವಳು ಇಲ್ಲಿ ಬೋರ್ಡು ನೋಡಿಯೇ ಕೇಳುವುದನ್ನು ಬಿಟ್ಟಿದ್ದೆ. ಅಲ್ ಪಸ್ತೋರ್ ಹೆಸರನ್ನು ನಂಬಬಾರದು ಎಂದು ಮಗಳಿಗೆ ಪಾಠ ಹೇಳಿ ಎರಡು ದಿನವೂ ಆಗಿರಲಿಲ್ಲ.

ಆಹಾರದ ವಿಷಯದಲ್ಲಿ ಕುರ್‌ಆನ್ ಹಲಾಲ್ ಎಂಬ ಶಬ್ದದ ಜೊತೆಗೇ ತಯ್ಯಿಬ್ ಎಂಬ ಶಬ್ದವನ್ನೂ ಇಟ್ಟಿದೆ ಎಂದು ನಾನೇ ಮಕ್ಕಳಿಗೆ ಕಲಿಸುತ್ತೇನೆ. ತಯ್ಯಿಬ್ ಎಂದರೆ ಶುದ್ಧವಾದದ್ದು, ಒಳ್ಳೆಯದು, ದೇಹಕ್ಕೆ ಹಿತವಾದದ್ದು. ನಾವು ಮೊದಲ ಶಬ್ದವನ್ನು ಗಟ್ಟಿಯಾಗಿ ಹಿಡಿದು ಎರಡನೆಯದನ್ನು ಬಾಗಿಲ ಹೊರಗೆ ಬಿಟ್ಟು ಬರುತ್ತಿದ್ದೇವೆಯೇ? ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಗೆ ಕೃತಕ ಬಣ್ಣ ಹಾಕುವುದನ್ನು ಕರ್ನಾಟಕ ಸರಕಾರ 2024ರ ಮಾರ್ಚಿನಲ್ಲಿ ನಿಷೇಧಿಸಿತು. ಪರೀಕ್ಷೆಗೆ ಒಯ್ದ ಮಾದರಿಗಳಲ್ಲಿ ಬಟ್ಟೆಗೆ ಬಣ್ಣ ಹಾಕುವ ರೋಡಮೈನ್-ಬಿ ಎಂಬ ರಾಸಾಯನಿಕ ಸಿಕ್ಕಿತ್ತು. ಅದೇ ವರ್ಷ ಜೂನಿನಲ್ಲಿ ಕೋಳಿ ಮತ್ತು ಮೀನಿನ ಕಬಾಬಿಗೂ ಈ ನಿಷೇಧ ಬಂತು. ಕಾನೂನು ಬಂದಿದೆ. ಆದರೆ ತಟ್ಟೆಯ ಮುಂದೆ ಕುಳಿತವರು ಕೇಳದಿದ್ದರೆ ಕಾನೂನು ಕಾಗದದಲ್ಲೇ ಉಳಿಯುತ್ತದೆ.

ನಾನು ಹೋಟೆಲಿನ ಯಜಮಾನರ ಬಳಿ ಹೋದೆ. ವಯಸ್ಸಾದವರು. ಸಲಾಮ್ ಹೇಳಿ, "ಚಾಚಾ, ತಪ್ಪು ತಿಳಿಯಬೇಡಿ. ಕಬಾಬಿಗೆ ಯಾವ ಬಣ್ಣ ಹಾಕುತ್ತೀರಿ? ಎಣ್ಣೆ ಎಷ್ಟು ದಿನದ್ದು?" ಎಂದೆ. ಅವರು ಮೊದಲು ಸಿಟ್ಟಾದರು. "ಇಷ್ಟು ವರ್ಷದಲ್ಲಿ ಯಾರೂ ಕೇಳಿಲ್ಲಮ್ಮಾ" ಎಂದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಣ್ಣ ಇಲ್ಲದಿದ್ದರೆ ಗಿರಾಕಿ ತೆಗೆದುಕೊಳ್ಳುವುದಿಲ್ಲ" ಎಂದರು. "ಬ್ಯಾಡಗಿ ಮೆಣಸು ಹಾಕಿ ಚಾಚಾ, ಅದಕ್ಕೇ ಬಣ್ಣ ಇದೆಯಲ್ಲ" ಎಂದೆ. ಅವರು ನಗಲಿಲ್ಲ. ಆದರೆ ಕಬಾಬಿನ ಹಣವನ್ನೂ ತೆಗೆದುಕೊಳ್ಳಲಿಲ್ಲ. ಅವರು ಬಣ್ಣ ಬಿಟ್ಟರೋ ಇಲ್ಲವೋ, ಆ ದಾರಿಯಲ್ಲಿ ಮತ್ತೆ ಹೋದಾಗ ನೋಡಬೇಕು.

ಯಾರೂ ಕೇಳಿಲ್ಲ ಎಂಬ ಆ ಮಾತು ಮಾತ್ರ ನನ್ನ ಜೊತೆ ಊರಿನವರೆಗೂ ಬಂತು. ನಮ್ಮ ಹೆಂಗಸರು ಹೋಟೆಲಿಗೆ ಹೋಗುವುದೇ ಅಪರೂಪ. ಹುಬ್ಬಳ್ಳಿಯ ಆಸ್ಪತ್ರೆಗೋ ಮದುವೆಯ ಬಟ್ಟೆಗೋ ಹೋದಾಗ ಗಂಡಸರು ತೋರಿಸಿದ ಕಡೆ ಕುಳಿತು, ಅವರು ತರಿಸಿದ್ದನ್ನು ಉಂಡು ಬರುತ್ತೇವೆ. ಮನೆಯಲ್ಲಿ ಅಕ್ಕಿಯ ಒಂದು ಕಲ್ಲನ್ನೂ ಬಿಡದೆ ಆರಿಸುವ ಕಣ್ಣು ಹೊರಗೆ ಹೋದಾಗ ಏಕೆ ಮುಚ್ಚಿಕೊಳ್ಳಬೇಕು? ಅಡುಗೆ ಬಲ್ಲವರು ನಾವು. ಎಣ್ಣೆಯ ವಾಸನೆಯಿಂದಲೇ ಅದರ ವಯಸ್ಸು ಹೇಳಬಲ್ಲವರು ನಾವು. ಒಳ್ಳೆಯ ಹೋಟೆಲು ಯಾವುದೆಂದು ಹುಡುಕುವ ಕೆಲಸಕ್ಕೆ ನಮಗಿಂತ ಯೋಗ್ಯರು ಯಾರಿದ್ದಾರೆ?

ಒಳ್ಳೆಯ ಹೋಟೆಲಿಗೆ ನಾನೀಗ ಇಟ್ಟುಕೊಂಡಿರುವ ಅಳತೆ ಒಂದೇ. ಅಲ್ಲಿ ಪ್ರಶ್ನೆ ಕೇಳಿದರೆ ಮುಖ ಸಿಂಡರಿಸದೆ ನಿಜ ಹೇಳುತ್ತಾರೆಯೇ? ಹೇಳಿದರೆ ಅದು ಮೆಕ್ಸಿಕನ್ನೇ ಇರಲಿ, ಭಟ್ಕಳದ ಬಿರಿಯಾನಿಯೇ ಇರಲಿ, ಸಿರಸಿಯ ಖಾನಾವಳಿಯೇ ಇರಲಿ, ಅಲ್ಲಿ ಕುಳಿತು ಉಣ್ಣಬಹುದು. ಹೇಳದಿದ್ದರೆ ಬೋರ್ಡಿನಲ್ಲಿ ಏನೇ ಬರೆದಿರಲಿ, ಎದ್ದು ಬರಬೇಕು.

ಮನೆಯಲ್ಲೂ ಅದೇ ಅಳತೆ ಎಂದು ಈಗ ಅನಿಸುತ್ತಿದೆ. ಮಗಳು ಪ್ರಶ್ನೆ ಕೇಳಿದಾಗ ನಾನು ಮುಖ ತಿರುಗಿಸಿದ್ದೆ. ಅವಳೂ ಎದ್ದು ಹೋಗಿದ್ದಳು.

ಮನೆಯಲ್ಲಿ ಮಾಡಿ ನೋಡಿ

ಊರಿಗೆ ಬಂದ ಮರುದಿನ ಮಗಳೇ ಅಡುಗೆಗೆ ನಿಂತಳು. ಗೋವಿನಜೋಳದ ಹಿಟ್ಟಿಗೆ ಬಿಸಿನೀರು, ಉಪ್ಪು ಹಾಕಿ ಚೆನ್ನಾಗಿ ನಾದಿ, ಬಾಳೆ ಎಲೆಯ ಮೇಲೆ ಅಂಗೈಯಗಲ ತಟ್ಟಿ, ಕಾವಲಿಯ ಮೇಲೆ ಎರಡೂ ಬದಿ ಬೇಯಿಸಿದಳು. ಸುಣ್ಣದ ಕ್ರಮಕ್ಕೆ ನಾವು ಕೈ ಹಾಕಲಿಲ್ಲ, ಅದಕ್ಕೆ ಅಳತೆ ತಿಳಿದವರು ಬೇಕು. ಹಿಂದಿನ ದಿನ ನೆನೆಸಿ ಬೇಯಿಸಿದ ರಾಜ್ಮಾವನ್ನು ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆಯ ಒಗ್ಗರಣೆಯಲ್ಲಿ ಹುರಿದು ಸೌಟಿನಿಂದ ಜಜ್ಜಿದಳು. ಎರಡು ಟೊಮೇಟೊ, ಒಂದು ಈರುಳ್ಳಿ, ಒಂದು ಹಿಡಿ ಕೊತ್ತಂಬರಿ ಸೊಪ್ಪು, ಎರಡೇ ಎರಡು ಸೂಜಿಮೆಣಸು ಸಣ್ಣಗೆ ಹೆಚ್ಚಿ, ಉಪ್ಪು ಮತ್ತು ನಿಂಬೆರಸ ಹಿಂಡಿ ಸಾಲ್ಸಾ ಮಾಡಿದಳು. ರೊಟ್ಟಿಯ ಮೇಲೆ ಬೀನ್ಸು, ಅದರ ಮೇಲೆ ಹುರಿದ ಕೋಳಿಯ ಚೂರು, ಮೇಲೆ ಸಾಲ್ಸಾ, ಮಡಚಿದರೆ ಟಾಕೊ.

ನಮ್ಮ ಅತ್ತೆ ಒಂದನ್ನು ತಿಂದು, "ಇದಕ್ಕೇನು ಹೆಸರು?" ಎಂದು ಕೇಳಿದರು. ಮಗಳು ಹೇಳಿದಳು. "ಹೆಸರು ಬಾಯಿಗೆ ಬರುವುದಿಲ್ಲ, ರೊಟ್ಟಿ ಚೆನ್ನಾಗಿದೆ" ಎಂದು ಇನ್ನೊಂದು ಕೇಳಿ ಹಾಕಿಸಿಕೊಂಡರು. ನೆರೆಮನೆಯ ಅಮ್ಮನಿಗೆ ಬೀನ್ಸು, ಸಾಲ್ಸಾ ಬೇರೆ ಪಾತ್ರೆಯಲ್ಲಿ ಕೊಟ್ಟು, "ಇದು ವೆನಿಲಾ ಬಳ್ಳಿಯ ಊರಿನ ಅಡುಗೆ" ಎಂದೆ. "ಅಂತೂ ಆ ಊರಿನಿಂದ ಲುಕ್ಸಾನು ಇಲ್ಲದ್ದು ಒಂದು ಬಂತು" ಎಂದರು ಅವರು.

ಮಗಳು ಈಗ ಬೆಂಗಳೂರಿನಲ್ಲಿದ್ದಾಳೆ. ಮೊನ್ನೆ ರಾತ್ರಿ ಫೋನ್ ಮಾಡಿ, "ಅಮ್ಮೀ, ಇವತ್ತು ಗೆಳತಿಯರ ಜೊತೆ ಒಂದು ಲೆಬನಾನಿ ಹೋಟೆಲಿಗೆ ಹೋಗಿದ್ದೆ" ಎಂದಳು.

"ಕೇಳಿದೆಯಾ?" ಎಂದೆ.

"ಕೇಳಿದೆ. ಸರಿಯಾದ ಉತ್ತರ ಸಿಗಲಿಲ್ಲ. ರೊಟ್ಟಿ ಮತ್ತು ಹಮ್ಮುಸ್ ಮಾತ್ರ ತಿಂದೆ. ಆಮೇಲೆ ಏನೇನು ಇತ್ತು ಗೊತ್ತಾ..." ಎಂದು ಅವಳು ಶುರುಮಾಡಿದಳು. ಒಲೆಯ ಮೇಲೆ ಸಾರು ಉಕ್ಕುತ್ತಿತ್ತು. ನಾನು ಉರಿ ಆರಿಸಿ ಕುಳಿತು ಕೇಳಿದೆ.